ಹಗ್ಗ ಎಳೆದರೂ ಬೋಟ್ ಚಾಲೂ ಆಗದಿದ್ದರೆ ಎಲ್ಲಿಂದ ನೋಡಬೇಕು?

ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದ ಲೆಕ್ಕ ನಮ್ಮ ಫೋನಿಗೆ ದಿನಕ್ಕೆ ಮೂರ್ನಾಲ್ಕು ಸಲ ಬರುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ತೆರೆದ ಗೇಟ್ ಇಷ್ಟು. ನಾವು ಅದನ್ನು ಸುದ್ದಿ ಮಾಡಿ ಕಳಿಸುತ್ತೇವೆ, ನೀವು ಓದುತ್ತೀರಿ. ಆದರೆ ಹೊಳೆ ದಂಡಿಯ ಊರಿನ ಶೆಡ್ಡಿನಲ್ಲಿ ನಿಂತಿರುವ ಬೋಟಿನ ಎಂಜಿನ್ ಹಗ್ಗ ಎಳೆದರೆ ಚಾಲೂ ಆಗುತ್ತದೋ ಇಲ್ಲವೋ ಎನ್ನುವ ಲೆಕ್ಕ ಯಾರ ಫೋನಿಗೂ ಬರುವುದಿಲ್ಲ. ಹೊಳೆ ಏರಿದ ದಿನ ಮೊದಲು ಬೇಕಾಗುವುದು ಆ ಲೆಕ್ಕ.

ನಾವೆಂದರೆ ಯಾದಗಿರಿ ಜಿಲ್ಲೆಯ ಇಬ್ಬರು ಸ್ಟ್ರಿಂಗರ್‌ಗಳು. ಡಿಪ್ಲೊಮಾ ಓದುವಾಗ ಒಂದೇ ಬೆಂಚು, ಈಗ ಒಂದೇ ಬೈಕು. ಯಾದಗಿರಿ, ಶಹಾಪುರ, ಸುರಪುರ ಸುತ್ತುವುದೇ ನಮ್ಮ ಕೆಲಸ. ನಮ್ಮ ಜಿಲ್ಲೆಯಲ್ಲಿ ಸಮುದ್ರವಿಲ್ಲ, ಆದರೆ ಎರಡು ದೊಡ್ಡ ಹೊಳೆಗಳಿವೆ: ಸುರಪುರ, ಶಹಾಪುರದ ಕಡೆ ಕೃಷ್ಣೆ, ಯಾದಗಿರಿಯ ಕಡೆ ಭೀಮೆ. ಬೇಸಿಗೆಯಲ್ಲಿ ಬಂಡೆ ಕಾಣುವ ಹೊಳೆ, ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ ಎರಡು ಮೂರು ದಿನದಲ್ಲಿ ಹೊಲಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಕೃಷ್ಣೆಯ ದಂಡಿ ಮುಳುಗಿತು. 2020ರ ಅಕ್ಟೋಬರ್‌ನಲ್ಲಿ ಭೀಮೆಯ ಸರದಿ.

ಹಳಬರಿಗೆ ನೀಲಕಂಠರಾಯನಗಡ್ಡಿ ನೆನಪಿರುತ್ತದೆ. ಕೃಷ್ಣೆಯ ನಡುವಿನ ಆ ಗಡ್ಡಿಯಿಂದ 2014ರ ಮಳೆಗಾಲದಲ್ಲಿ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಈಜಿ ಈ ದಂಡಿಗೆ ಬಂದರು. ದೇಶದಾಚೆಯ ಪತ್ರಿಕೆಗಳೂ ಆ ಸುದ್ದಿ ಬರೆದವು. ಹೊಳೆ ತುಂಬಿದಾಗ ಹರಿಗೋಲು ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಎಂಜಿನ್ ಇರುವ ಬೋಟ್ ಒಂದೇ ದಾರಿ. ಆ ಎಂಜಿನ್‌ಗೆ ಕರೆಂಟ್ ಬರದಿದ್ದರೆ ಬೋಟ್ ಇದ್ದೂ ಇಲ್ಲದ ಹಾಗೆ.

ಈ ಬರಹ ಅಂಥ ಒಂದು ಎಂಜಿನ್ ಬಗ್ಗೆ.

ಹದಿನಾಲ್ಕು ಸಾವಿರದ ಡಬ್ಬಿ

ಸುರಪುರ ಭಾಗದ ಹೊಳೆ ದಂಡಿಯ ಊರೊಂದರಲ್ಲಿ ಮೀನು ಹಿಡಿಯುವ ಏಳು ಮನೆಯವರು ಕೂಡಿ ಕರಾವಳಿಯಿಂದ ಒಂದು ಹಳೆಯ ಎಂಜಿನ್ ತಂದಿದ್ದರು. ಬೋಟಿನ ಹಿಂದಿನ ಹಲಗೆಗೆ ಸಿಕ್ಕಿಸುವಂಥದ್ದು, 25 ಎಚ್‌ಪಿ, ಎರಡು ಸಿಲಿಂಡರ್, ಟು ಸ್ಟ್ರೋಕ್. ಮೀನಿಗೆ ಅಂತ ತಂದದ್ದು, ಆದರೆ ಹೊಳೆ ಬಂದಾಗ ಊರಿನವರೆಲ್ಲ ಅದನ್ನೇ ನೆಚ್ಚಿದ್ದರು. ಕಳೆದ ದೀಪಾವಳಿಗೆ ತೆಗೆದಿಟ್ಟದ್ದನ್ನು ಮೇ ತಿಂಗಳಲ್ಲಿ ಹೊರಗೆ ತಂದು ಹಗ್ಗ ಎಳೆದರೆ ಉಸಿರೇ ಇಲ್ಲ. ಮೂವರು ಸರದಿಯಲ್ಲಿ ಎಳೆದು ಅಂಗೈ ಕೆಂಪಾಗಿಸಿಕೊಂಡರು.

ದೂರದ ಊರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದರು. ಅಂಗಡಿಯವರು ಎಂಜಿನ್ ನೋಡದೆಯೇ ಸಿಡಿಐ ಡಬ್ಬಿ ಹೋಗಿದೆ, ಹದಿನಾಲ್ಕು ಸಾವಿರ ಆಗುತ್ತದೆ ಎಂದರು. ಏಳು ಮನೆಗೆ ತಲಾ ಎರಡು ಸಾವಿರ. ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಖರ್ಚು ಎಲ್ಲ ಒಟ್ಟಿಗೆ ಬರುವ ಕಾಲ ಅದು. ಅದೇ ಊರಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಜುಲೈ ಕೊನೆಗೆ ದಿನ ತುಂಬುವುದಿತ್ತು. ಆಕೆಯ ಅತ್ತೆ ನಮ್ಮನ್ನು ಕೇಳಿದ್ದು ಒಂದೇ ಮಾತು: “ಪೇಪರಿನವ್ರೆ, ಇದು ಆಗಿನ ತನಾ ರಿಪೇರಿ ಆಗ್ತದೇನ್ರೀ?”

ನಮಗೆ ಗೊತ್ತಿದ್ದವರೆಂದರೆ ಶಹಾಪುರದ ಒಬ್ಬ ಬೈಕ್ ಮೆಕ್ಯಾನಿಕ್. ಅರವತ್ತು ದಾಟಿದವರು, ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಾರೆ. ಲೂನಾ, ರಾಜದೂತ್, ಯೆಜ್ಡಿ, ಹಳೆ ಚೇತಕ್ ಬಿಚ್ಚಿ ಜೋಡಿಸಿದ ಕೈ. ಬೋಟಿನ ಎಂಜಿನ್ ಅವರು ಮುಟ್ಟಿರಲಿಲ್ಲ. ಹೇಳಿದಾಗ ನಕ್ಕರು. “ಟು ಸ್ಟ್ರೋಕ್ ಅದ ಅಲ್ರೀ? ಬ್ಯಾಟರಿ ಇಲ್ಲ, ಮ್ಯಾಗ್ನೆಟ್ ಮ್ಯಾಲ ಕರೆಂಟ್. ಲೂನಾಕ್ಕ ಫ್ಯಾನ್ ಹಚ್ಚಿ ನೀರಾಗ ಬಿಟ್ಟಂಗ. ನಡೀರಿ, ನೋಡಮು.”

ಕರೆಂಟ್ ಎಲ್ಲಿಂದ ಬರುತ್ತದೆ

ದಾರಿಯಲ್ಲಿ ಚಹಾಕ್ಕೆ ನಿಂತಾಗ ಉಸ್ತಾದ್ ನಮಗೆ ಪಾಠ ಮಾಡಿದರು. ನಾವು ಅರ್ಥ ಮಾಡಿಕೊಂಡಷ್ಟು ಇಲ್ಲಿದೆ.

ಹಗ್ಗ ಎಳೆದಾಗ ಎಂಜಿನ್ ತಲೆಯ ಮೇಲಿನ ಫ್ಲೈವೀಲ್ ತಿರುಗುತ್ತದೆ. ಅದರ ಒಳಗೆ ಅಯಸ್ಕಾಂತಗಳಿವೆ. ಅವು ತಾಮ್ರದ ತಂತಿ ಸುತ್ತಿದ ಕಾಯಿಲ್ ಮುಂದೆ ಹಾದು ಹೋದಾಗ ಆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಸೈಕಲ್ ಡೈನಮೊ ನೋಡಿದವರಿಗೆ ಇದು ಹೊಸದಲ್ಲ.

ತೀರಾ ಹಳೆಯ ಎಂಜಿನ್‌ಗಳಲ್ಲಿ ಪಾಯಿಂಟ್ ಇರುತ್ತದೆ. ನಮ್ಮ ಕಡೆ ಇದನ್ನು ಪ್ಲ್ಯಾಟಿನಂ ಎನ್ನುತ್ತಾರೆ. ಲೂನಾದಲ್ಲೂ ಇದೇ ಇತ್ತು. ಪಾಯಿಂಟ್ ತೆರೆದ ಕ್ಷಣಕ್ಕೆ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್‌ನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ತಿಂಗಳುಗಟ್ಟಲೆ ನಿಂತರೆ ಅದರ ಮುಖಕ್ಕೆ ತೆಳ್ಳಗೆ ಕಿಲುಬು ಕಟ್ಟಿ ಕರೆಂಟ್ ನಿಲ್ಲುತ್ತದೆ. ಪಾಯಿಂಟ್ ಮೇಲಿಂದ ಮೇಲೆ ಸುಟ್ಟು ಕರ್ರಗಾಗುತ್ತಿದ್ದರೆ ಪಕ್ಕದ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು.

ಆಮೇಲಿನ ಎಂಜಿನ್‌ಗಳಲ್ಲಿ ಪಾಯಿಂಟ್ ಬದಲು ಸಿಡಿಐ ಡಬ್ಬಿ ಬಂತು. ಅಯಸ್ಕಾಂತದಿಂದ ಹುಟ್ಟಿದ ಇನ್ನೂರು ಮುನ್ನೂರು ವೋಲ್ಟ್ ಅನ್ನು ಡಬ್ಬಿ ಒಳಗೆ ಕೂಡಿಡುತ್ತದೆ. ಇನ್ನೊಂದು ಸಣ್ಣ ಕಾಯಿಲ್ “ಈಗ ಬಿಡು” ಎಂದು ಸಂಜ್ಞೆ ಕೊಟ್ಟಾಗ ಒಮ್ಮೆಲೇ ಇಗ್ನಿಷನ್ ಕಾಯಿಲ್‌ಗೆ ಸುರಿಯುತ್ತದೆ. ಅಲ್ಲಿ ಅದು ಸಾವಿರಾರು ವೋಲ್ಟ್ ಆಗಿ ಪ್ಲಗ್ ಸಂದನ್ನು ಹಾರುತ್ತದೆ. ಹಗ್ಗ ಮೆಲ್ಲಗೆ ಎಳೆದರೆ ಕಿಡಿ ಬರುವುದಿಲ್ಲ, ಅದಕ್ಕೆ ಒಂದಿಷ್ಟು ವೇಗ ಬೇಕು.

“ಡಬ್ಬಿ ಒಳಗ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ ಎಲ್ಲಾರೂ ಅದರ ಮ್ಯಾಲ ತಪ್ಪು ಹೊರಸ್ತಾರ,” ಎಂದರು ಉಸ್ತಾದ್. “ಡಬ್ಬಿ ಕಡೀಕ ನೋಡಬೇಕು, ಮೊದಲಲ್ಲ.”

ಎಣ್ಣೆಯೋ, ಕರೆಂಟೋ?

ಶೆಡ್ಡಿಗೆ ಬಂದ ಮೇಲೆ ಅವರು ಮೊದಲು ಕೇಳಿದ್ದು ಪ್ಲಗ್ ಪಾನಾ. ಎರಡೂ ಪ್ಲಗ್ ಬಿಚ್ಚಿ ಮೂಸಿದರು. ಒದ್ದೆಯಾಗಿದ್ದವು, ಪೆಟ್ರೋಲ್ ವಾಸನೆ ಬಡಿಯಿತು.

ಇದು ಮೊದಲ ಕವಲು. ಹತ್ತಾರು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಎಣ್ಣೆ ಬರುತ್ತಿಲ್ಲ, ಕಾರ್ಬ್ಯುರೇಟರ್ ಕಡೆ ಹೋಗಬೇಕು. ಒದ್ದೆ ಇದ್ದರೆ ಎಣ್ಣೆ ಬಂದಿದೆ, ಹಚ್ಚುವ ಕಿಡಿ ಇಲ್ಲ. ಅದರಲ್ಲೂ ಒಂದು ಎಚ್ಚರ ಬೇಕು. ಆರು ತಿಂಗಳ ಹಳೆ ಪೆಟ್ರೋಲ್ ಆಗಿದ್ದರೆ ಒದ್ದೆ ಇದ್ದರೂ ಹತ್ತಿಕೊಳ್ಳದೆ ಹೋಗಬಹುದು. ಈಗ ಬಂಕಿನಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಉಸ್ತಾದ್ ಹಳೆಯದನ್ನು ಸುರಿದು, ಹೊಸ ಪೆಟ್ರೋಲ್‌ಗೆ ಟು ಟಿ ಆಯಿಲ್ ಬೆರೆಸಿಟ್ಟರು.

ಇನ್ನು ಕಿಡಿ ಪರೀಕ್ಷೆ. ಇದನ್ನು ನೀವೂ ಮಾಡಬಹುದು, ಆದರೆ ಹೀಗೆ ಮಾಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಪೆಟ್ರೋಲ್ ಡಬ್ಬಿ ದೂರ ಇಡಿ. ಬಿಚ್ಚಿದ ಪ್ಲಗ್ಗನ್ನು ಅದರ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರ, ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಡಿ. ಬಿಸಿಲಿನಲ್ಲಿ ಕಿಡಿ ಕಾಣುವುದಿಲ್ಲ, ನೆರಳು ಬೇಕು. ಪ್ಲಗ್ ವೈರ್ ಕೈಯಲ್ಲಿ ಹಿಡಿಯಬೇಡಿ, ಹೊಡೆತ ಜೋರಾಗಿರುತ್ತದೆ. ಪ್ಲಗ್ ಹಾಕದೆ ವೈರ್ ಸುಮ್ಮನೆ ತೂಗುಬಿಟ್ಟು ಹಗ್ಗ ಎಳೆಯಬೇಡಿ. ಕರೆಂಟ್‌ಗೆ ಹೋಗಲು ದಾರಿ ಇಲ್ಲದಿದ್ದರೆ ಕಾಯಿಲ್, ಡಬ್ಬಿ ಕೆಡಬಹುದು.

ಬೇಕಾದದ್ದು ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ. ಕೆಂಪಗೆ, ತೆಳ್ಳಗೆ ಕಂಡರೆ ಸೊರಗಿದ ಕಿಡಿ. ನಮ್ಮ ಎಂಜಿನ್‌ನಲ್ಲಿ ಎರಡೂ ಪ್ಲಗ್‌ಗೆ ಏನೂ ಇರಲಿಲ್ಲ.

ಎರಡೂ ಹೋಗಿದ್ದರೆ ಒಂದೇ ಕಾರಣ

ಮೀನಿನವರ ಮುಖ ಇಳಿಯಿತು. ಉಸ್ತಾದ್‌ಗೆ ಮಾತ್ರ ಅದು ಒಳ್ಳೆಯ ಸುದ್ದಿ. ಎರಡು ಪ್ಲಗ್, ಎರಡು ಕಾಯಿಲ್ ಒಂದೇ ದಿನ ಸಾಯುವುದು ಅಪರೂಪ. ಎರಡೂ ನಿಂತಿದ್ದರೆ ಎರಡಕ್ಕೂ ಸೇರಿದ ಯಾವುದೋ ಒಂದು ಕೆಟ್ಟಿದೆ. ಅಂಥವು ಬೆರಳೆಣಿಕೆಯಷ್ಟೇ: ಸ್ಟಾಪ್ ಸ್ವಿಚ್, ಅರ್ಥಿಂಗ್, ಫ್ಲೈವೀಲ್ ಕೆಳಗಿನ ಕಾಯಿಲ್, ಸಿಡಿಐ ಡಬ್ಬಿ. ಇದರಲ್ಲಿ ಅತಿ ಸುಲಭವಾದದ್ದು ಸ್ಟಾಪ್ ಸ್ವಿಚ್.

ಇಲ್ಲಿ ಒಂದು ಮಾತು ತಿಳಿದಿರಲಿ. ಮನೆಯ ಲೈಟಿನ ಸ್ವಿಚ್ ಆಫ್ ಮಾಡಿದರೆ ತಂತಿ ಕಡಿಯುತ್ತದೆ. ಈ ಎಂಜಿನ್‌ಗಳಲ್ಲಿ ಸ್ಟಾಪ್ ಸ್ವಿಚ್ ಉಲ್ಟಾ ಕೆಲಸ ಮಾಡುತ್ತದೆ. ಒತ್ತಿದಾಗ ಅದು ತಂತಿಯನ್ನು ಎಂಜಿನ್ ಮೈಗೆ ಕೂಡಿಸುತ್ತದೆ, ಕರೆಂಟ್ ಪ್ಲಗ್‌ಗೆ ಹೋಗದೆ ಅಲ್ಲೇ ಇಳಿದು ಹೋಗುತ್ತದೆ. ಹಾಗಾಗಿ ಸ್ವಿಚ್ ಒಳಗೆ ಕೆಸರು ಸೇರಿದರೂ, ವೈರ್ ಸಿಪ್ಪೆ ಸವೆದು ಎಂಜಿನ್‌ಗೆ ತಾಗಿದರೂ, ಎಂಜಿನ್ ಸದಾ “ನಿಲ್ಲು” ಎನ್ನುವ ಸ್ಥಿತಿಯಲ್ಲೇ ಇರುತ್ತದೆ.

ಬೋಟ್ ನಡೆಸುವವರ ಮುಂಗೈಗೆ ಕಟ್ಟುವ ಕೆಂಪು ದಾರ ನೋಡಿರಬಹುದು. ಅದರ ತುದಿಯ ಕ್ಲಿಪ್ ಈ ಸ್ವಿಚ್‌ಗೆ ಸಿಕ್ಕಿಸಿರಬೇಕು. ನಡೆಸುವವರು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಎಂಜಿನ್ ನಿಲ್ಲುತ್ತದೆ. ನಮ್ಮ ಎಂಜಿನ್‌ನ ಕ್ಲಿಪ್ ಯಾವಾಗಲೋ ಹೊಳೆ ಪಾಲಾಗಿ, ಅಲ್ಲಿ ಪೆನ್ನಿನ ಕ್ಯಾಪ್ ಮುರಿದು ತುರುಕಿದ್ದರು. ಅದು ಸಡಿಲಾಗಿತ್ತು.

ಉಸ್ತಾದ್ ಸ್ಟಾಪ್ ವೈರ್‌ನ ಜೋಡಣೆ ಬಿಚ್ಚಿ ಹಗ್ಗ ಎಳೆಸಿದರು. ಮೇಲಿನ ಪ್ಲಗ್‌ನಲ್ಲಿ ಚಟ್ ಎಂದು ನೀಲಿ ಕಿಡಿ. ಶೆಡ್ಡಿನಲ್ಲಿದ್ದವರೆಲ್ಲ ಒಮ್ಮೆ ಕೂಗಿದರು.

ವೈರ್ ಬಿಚ್ಚಿ ನೋಡುವುದು ಪರೀಕ್ಷೆಗೆ ಮಾತ್ರ. ಹಾಗೇ ಬಿಟ್ಟು ಹೊಳೆಗೆ ಇಳಿಯುವುದು ಜೀವಕ್ಕೆ ಎರವು. ಎಂಜಿನ್ ನಿಲ್ಲಿಸಲು ಆಗುವುದಿಲ್ಲ, ನಡೆಸುವವರು ಬಿದ್ದರೆ ಬೋಟ್ ಸುತ್ತು ಹಾಕಿ ಅವರ ಮೇಲೇ ಬರಬಹುದು. ಸ್ವಿಚ್ ಬದಲಿಸಿ ಹೊಸ ಕ್ಲಿಪ್ ಬರುವ ತನಕ ಬೋಟ್ ನೀರಿಗೆ ಇಳಿಸುವುದಿಲ್ಲ ಎಂದು ಉಸ್ತಾದ್ ಅಲ್ಲೇ ಮಾತು ತೆಗೆದುಕೊಂಡರು.

ಒಂದೇ ಹೋಗಿದ್ದರೆ ಅದಲು ಬದಲು

ಕೆಳಗಿನ ಪ್ಲಗ್ ಇನ್ನೂ ಸುಮ್ಮನಿತ್ತು. ಈಗ ಪರೀಕ್ಷೆಯ ರೀತಿ ಬದಲಾಯಿತು. ಒಂದು ನಡೆಯುತ್ತಿದೆ, ಒಂದು ಇಲ್ಲ. ನಡೆಯುವುದನ್ನೇ ತಕ್ಕಡಿ ಮಾಡಿಕೊಳ್ಳಬೇಕು.

ಮೊದಲು ಪ್ಲಗ್‌ಗಳನ್ನು ಅದಲು ಬದಲು ಮಾಡಿದರು. ಕೆಳಗೆ ಕಿಡಿ ಇಲ್ಲ. ಅಂದರೆ ಪ್ಲಗ್ ತಪ್ಪಲ್ಲ. ಈ ಎಂಜಿನ್‌ಗೆ ಎರಡು ಬೇರೆ ಬೇರೆ ಕಾಯಿಲ್ ಇದ್ದವು (ಕೆಲವು ಎಂಜಿನ್‌ಗಳಲ್ಲಿ ಎರಡಕ್ಕೂ ಒಂದೇ ಇರುತ್ತದೆ, ಅಲ್ಲಿ ಇದು ನಡೆಯದು). ಡಬ್ಬಿಯಿಂದ ಆ ಕಾಯಿಲ್‌ಗಳಿಗೆ ಹೋಗುವ ಎರಡು ವೈರ್ ಅದಲು ಬದಲು ಮಾಡಿದರು. ಮೇಲಿನ ಕಾಯಿಲ್ ಆಗಲೂ ಕಿಡಿ ಕೊಟ್ಟಿತು, ಕೆಳಗಿನದು ಆಗಲೂ ಕೊಡಲಿಲ್ಲ.

ಇದರ ಅರ್ಥ ನೋಡಿ. ಡಬ್ಬಿಯ ಎರಡೂ ವೈರ್‌ಗಳಿಂದ ಒಳ್ಳೆಯ ಕಾಯಿಲ್‌ಗೆ ಕರೆಂಟ್ ಬಂತು. ಅಂದರೆ ಹದಿನಾಲ್ಕು ಸಾವಿರದ ಡಬ್ಬಿ ಸರಿಯಾಗಿದೆ. ತಪ್ಪು ಕೆಳಗಿನ ಕಾಯಿಲ್ ಅಥವಾ ಅದರಾಚೆಯ ವೈರ್, ಕ್ಯಾಪ್‌ನಲ್ಲಿದೆ. ಇಷ್ಟು ತಿಳಿಯಲು ಮೀಟರ್ ಕೂಡ ಬೇಕಾಗಲಿಲ್ಲ.

ಕ್ಯಾಪ್ ತಿರುಚಿ ತೆಗೆದರೆ ಒಳಗೆ ಹಸಿರು ಕಿಲುಬು. ಕರಾವಳಿಯ ಉಪ್ಪು ನೀರು ಕಂಡ ಎಂಜಿನ್, ಉಪ್ಪಿನ ಗುರುತು ಉಳಿದಿತ್ತು. ಉಸ್ತಾದ್ ವೈರ್‌ನ ತುದಿಯನ್ನು ಒಂದು ಬೆರಳಿನಗಲ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಕ್ಯಾಪ್ ಮತ್ತೆ ತಿರುಚಿದರು. ಎಳೆಸಿದರೆ ಎರಡೂ ಪ್ಲಗ್ ಚಟ್ ಚಟ್.

ಬಿಸಿಯಾದಾಗ ಸಾಯುವ ಕಾಯಿಲ್

ವಾರದ ನಂತರ ಹೊಸ ಸ್ವಿಚ್, ಕ್ಲಿಪ್ ಬಂದವು. ಎಂಜಿನ್ನನ್ನು ಹಲಗೆಗೆ ಬಿಗಿದು, ಅದರ ಕಾಲು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಚಾಲೂ ಮಾಡಿದರು. ನೀರಿಲ್ಲದೆ ಇದನ್ನು ಓಡಿಸಲೇಬಾರದು. ಒಳಗಿನ ನೀರೆತ್ತುವ ರಬ್ಬರ್ ಚಕ್ರ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ.

ನಾಲ್ಕನೇ ಎಳೆತಕ್ಕೆ ಎಂಜಿನ್ ಚಾಲೂ ಆಯಿತು. ಎಲ್ಲರೂ ಸಾಕು ಎಂದರು, ಉಸ್ತಾದ್ ಬಿಡಲಿಲ್ಲ. “ಅರ್ಧ ತಾಸು ಓಡ್ಲಿ. ಹೊಳಿ ನಡುವ ನಿಲ್ಲೋದಿದ್ರ ಇಲ್ಲೇ ನಿಲ್ಲಲಿ.” ಇಪ್ಪತ್ತು ನಿಮಿಷಕ್ಕೆ ಸದ್ದು ಬದಲಾಯಿತು. ಎಂಜಿನ್ ಒಂದೇ ಕಾಲಿನ ಮೇಲೆ ಕುಂಟಿದಂತೆ ಕೇಳಿತು. ನಿಲ್ಲಿಸಿ, ಬಿಸಿ ಇರುವಾಗಲೇ ಕೆಳಗಿನ ಪ್ಲಗ್ ನೋಡಿದರೆ ಕಿಡಿ ಇಲ್ಲ. ನೆರಳಿನಲ್ಲಿ ತಣ್ಣಗಾಗಲು ಬಿಟ್ಟು ನೋಡಿದರೆ ಕಿಡಿ ಇದೆ.

ಹಳೆಯ ಕಾಯಿಲ್‌ಗಳ ಜಾತಕವೇ ಇದು. ಮೇಲಿನ ಕವಚ ಕೂದಲೆಳೆಯಷ್ಟು ಬಿರಿದಿರುತ್ತದೆ, ಒಳಗಿನ ತಂತಿಯ ಲೇಪ ಸೋತಿರುತ್ತದೆ. ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾಗಿ ಹಿಗ್ಗಿದಾಗ ಕರೆಂಟ್ ಒಳಗೇ ಸೋರುತ್ತದೆ. ಟಾರ್ಚ್ ಹಿಡಿದು ನೋಡಿದಾಗ ಬಿರುಕು ನಮಗೂ ಕಂಡಿತು. ತಣ್ಣಗಿನ ಎಂಜಿನ್ ಒಂದು ನಿಮಿಷ ಓಡಿಸಿ “ಓಕೆ” ಎಂದಿದ್ದರೆ, ಈ ಕಾಯಿಲ್ ಜುಲೈನಲ್ಲಿ ನಡುಹೊಳೆಯಲ್ಲಿ ನಿಂತಿರುತ್ತಿತ್ತು.

ಹೊಸ ಕಾಯಿಲ್, ಸ್ವಿಚ್, ಕ್ಲಿಪ್, ಎರಡು ಪ್ಲಗ್, ಉಸ್ತಾದ್ ಕೂಲಿ ಎಲ್ಲ ಸೇರಿ ಮನೆಗೆ ಆರು ನೂರರ ಒಳಗೆ ಬಂತು.

ಇಷ್ಟಾದರೂ ಆಗದಿದ್ದರೆ

ಕಿಡಿ ಚೆನ್ನಾಗಿದೆ, ಎಣ್ಣೆ ಹೊಸದು, ಆದರೂ ಚಾಲೂ ಆಗುತ್ತಿಲ್ಲ, ಹಗ್ಗ ಎಳೆದರೆ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ ಎಂದರೆ ಫ್ಲೈವೀಲ್ ಕೆಳಗಿನ ಸಣ್ಣ ಕೀ ತುಂಡಾಗಿರಬಹುದು. ಆಗ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಇದಕ್ಕೆ ಫ್ಲೈವೀಲ್ ಎತ್ತಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿದರೆ ಅಯಸ್ಕಾಂತ ಒಡೆಯುತ್ತದೆ.

ಸ್ಟಾಪ್ ವೈರ್ ಬಿಚ್ಚಿದರೂ, ಅರ್ಥಿಂಗ್ ಉಜ್ಜಿದರೂ ಎರಡೂ ಪ್ಲಗ್ ಸತ್ತೇ ಇದ್ದರೆ ಆಗ ಫ್ಲೈವೀಲ್ ಕೆಳಗಿನ ಕಾಯಿಲ್‌ಗಳನ್ನು ಮೀಟರ್‌ನಲ್ಲಿ ಅಳೆಯಬೇಕು. ಎಷ್ಟು ಓಮ್ ಇರಬೇಕು ಎನ್ನುವುದು ಆಯಾ ಎಂಜಿನ್‌ನ ಪುಸ್ತಕದಲ್ಲಿರುತ್ತದೆ. ಅವೂ ಸರಿ ಇದ್ದರೆ ಮಾತ್ರ ಡಬ್ಬಿಗೆ ದುಡ್ಡು ಕೊಡಿ.

ಮೇ ತಿಂಗಳ ಕೆಲಸ

ಆ ಊರಿನಲ್ಲಿ ಈಗ ಎಂಜಿನ್ ಪಕ್ಕ ಒಂದು ಬಿಸ್ಕೀಟ್ ಡಬ್ಬಿ ಇದೆ. ಅದರಲ್ಲಿ ಎರಡು ಹೊಸ ಪ್ಲಗ್, ಪ್ಲಗ್ ಪಾನಾ, ಇನ್ನೊಂದು ಕ್ಲಿಪ್, ಪಾಲಿಶ್ ಪೇಪರ್, ಎಳೆಯುವ ಹಗ್ಗ. ಬೋಟಿನಲ್ಲಿ ಎರಡು ಹುಟ್ಟು, ಲೈಫ್ ಜಾಕೆಟ್ ಕಾಯಂ. ಎಂಜಿನ್ ಎಷ್ಟೇ ಸರಿ ಇದ್ದರೂ ಹುಟ್ಟು ಬಿಟ್ಟು ಹೋಗುವುದಿಲ್ಲ. ಅಧಿಕಾರಿಗಳು ಹೊಳೆಗೆ ಇಳಿಯಬೇಡಿ ಎಂದ ದಿನ ಇಳಿಯುವುದಿಲ್ಲ.

ಜುಲೈ ಕೊನೆಯ ವಾರ ಆ ಹೆಣ್ಣುಮಗಳಿಗೆ ಬೇನೆ ಶುರುವಾದಾಗ ಹೊಳೆ ಅರ್ಧ ತುಂಬಿತ್ತು. ಎರಡನೇ ಎಳೆತಕ್ಕೆ ಎಂಜಿನ್ ಹೊತ್ತಿಕೊಂಡಿತು ಎಂದು ಆಕೆಯ ಅತ್ತೆ ಫೋನ್ ಮಾಡಿ ಹೇಳಿದರು. ಗಂಡು ಮಗು, ಇಬ್ಬರೂ ಆರಾಮ.

ಶಹಾಪುರ, ಸುರಪುರ, ಯಾದಗಿರಿಯ ಬಸ್ ಸ್ಟ್ಯಾಂಡ್ ಸುತ್ತ ತಗಡಿನ ಶೆಡ್ಡುಗಳಲ್ಲಿ ಇಂಥ ಕೈಗಳು ಇನ್ನೂ ಇವೆ. ಟು ಸ್ಟ್ರೋಕ್ ಬೈಕ್‌ಗಳು ಕಡಿಮೆಯಾದಂತೆ ಅವರಿಗೂ ಕೆಲಸ ಕಡಿಮೆಯಾಗಿದೆ. ಬೋಟಿನ ಎಂಜಿನ್ ಅಂದಾಕ್ಷಣ ದೂರದ ಊರಿಗೆ ಫೋನ್ ಮಾಡುವ ಮೊದಲು ಇವರಲ್ಲಿ ಒಬ್ಬರನ್ನು ಕರೆಯಿರಿ, ಜೊತೆಗೆ ಊರಿನ ಇಬ್ಬರು ಹುಡುಗರನ್ನು ಪಕ್ಕದಲ್ಲಿ ಕೂಡಿಸಿ. ಮೇ ಮುಗಿಯುವ ಮೊದಲು ಒಂದು ದಿನ ಡ್ರಮ್ಮಿಗೆ ನೀರು ತುಂಬಿ, ಅರ್ಧ ತಾಸು ಎಂಜಿನ್ ಓಡಿಸಿ. ಕೆಟ್ಟಿದ್ದರೆ ಆಗಲೇ ಕೆಡಲಿ, ರಿಪೇರಿಗೆ ದಿನ ಇರುತ್ತದೆ.